ಅಮೋನಿಯ ಹನಿಸುವ ಬಗೆ

ಮೂಗು ಹತ್ತಿರ ತರಬೇಡ ರಝೀನಾ,
ಕುಪ್ಪಿಯ ಮುಚ್ಚಳ ತೆಗೆದಾಗಿನ ಮೊದಲ ಉಸಿರು
ಅದರದ್ದು, ನಿನ್ನದಲ್ಲ.
ಕಿಟಕಿ ತೆರೆದೇ ಇರಲಿ. ಕೂಡ್ಲೂರಿನ ಗಾಳಿ,
ಎದುರಿನ ಕ್ಯೂರಿಂಗ್ ವರ್ಕ್ಸಿನ ಕಾಫಿ ಹೊಟ್ಟು
ಒಂದಿಷ್ಟು ಹಾರಿ ಬಂದರೆ ಬರಲಿ.

ಇದೋ, ಲೇಟೆಕ್ಸು.
ಹಾಲೆಂದರೆ ಹಾಲೇ, ಬೆಕ್ಕೂ ಮೋಸ ಹೋದೀತು.
ಅಲ್ಲಾಡಿಸು: ನೀರಿನಷ್ಟೇ ತೆಳು.
ಸಂಪಾಜೆಯಲ್ಲಿ ಅಪ್ಪ ಚಿಪ್ಪಿನಿಂದ ಚಿಪ್ಪಿಗೆ ನಡೆದು
ಬಕೆಟ್ಟಿಗೆ ಬಸಿಯುತ್ತಿದ್ದ ರಬ್ಬರು ಹಾಲೂ ಹೀಗೇ ಇತ್ತು,
ಅದಕ್ಕೂ ಅಮೋನಿಯ ಬೀಳುತ್ತಿತ್ತು, ಒಡೆಯದಿರಲೆಂದು.
ಇದಕ್ಕೆ ಮರವಿಲ್ಲ. ಡ್ರಮ್ಮು ವಾಪಿಯಿಂದ ಬರುತ್ತದೆ,
ಅಮೋನಿಯಕ್ಕೂ ಇಲ್ಲಿ ಬೇರೆಯದೇ ಕೆಲಸ.

ಒಳಗೆ ಕಣಗಳಿವೆ. ಒಂದು ಕೂದಲಿನ ಅಡ್ಡಕ್ಕೆ
ಏಳೆಂಟುನೂರನ್ನು ಸಾಲಾಗಿ ನಿಲ್ಲಿಸಬಹುದು, ತಾಳ್ಮೆ ಇದ್ದರೆ.
ಒಂದೊಂದೂ ಕಡ್ಡಿ ತಾಗಿದ ಚೋರಟೆಯ ಹಾಗೆ
ತನ್ನ ಸರಪಳಿಗಳನ್ನು ತನ್ನೊಳಗೇ ಸುತ್ತಿಕೊಂಡು
ಹುಳಿಯಲ್ಲಿ ಕೂತಿದೆ. ಪಿಎಚ್ ಮೂರು.
ಸುತ್ತಲೂ ನೀರಿದೆ,
ಒಳಗೆ ಬಾ ಅನ್ನುವುದಿಲ್ಲ.

ಈಗ ಹನಿಸು. ಒಂದು. ನಿಲ್ಲು. ಇನ್ನೊಂದು.
ತುಂಬ ಹೊತ್ತು ಏನೂ ಆಗುವುದಿಲ್ಲ,
ಕೈ ಆತುರಪಡುತ್ತದೆ.
ನನ್ನ ಮೊದಲ ವಾರ ಲೋಟದಷ್ಟನ್ನು ಸುರಿದುಬಿಟ್ಟೆ;
ಕುದಿವ ನೀರಿಗೆ ರವೆ ಬಿದ್ದ ಹಾಗೆ ಗಂಟು ಗಂಟು.
ಉತ್ತಯ್ಯ ಸಾರ್ ಬಯ್ಯಲಿಲ್ಲ,
ಒಂದು ಗಂಟನ್ನು ಎತ್ತಿ ತಂದು
ನನ್ನ ಮೇಜಿನ ಮೇಲಿಟ್ಟು ಹೋದರು.
ಒಣಗಿ ಗಾಜಿನ ಚೂರಿನಂತಾಗಿ ಡ್ರಾಯರಿನಲ್ಲಿ ಈಗಲೂ ಇದೆ.

ಆರೂವರೆ. ಈಗ ಅಂಚು ನೋಡು:
ಬಿಳಿಗೆ ಒಂದೆಳೆ ನೀಲಿ ಹತ್ತಿತು.
ಮೋಟರಿನ ದನಿ ಕೇಳು, ಏರು ಹತ್ತುವ ಜೀಪಿನ ಹಾಗೆ ತಗ್ಗಿತು.
ಹುಳಿಯ ತುದಿಗಳು ತಮ್ಮ ಪ್ರೋಟಾನು ಬಿಟ್ಟುಕೊಟ್ಟವು,
ಎಲ್ಲಕ್ಕೂ ಈಗ ಒಂದೇ ಚಾರ್ಜು,
ಒಂದೇ ಬಗೆಯವಕ್ಕೆ ಒಂದು ಕೋಣೆ ಸಾಲದು.
ತಳ್ಳುತ್ತವೆ, ಸರಿಯುತ್ತವೆ,
ಸರಿದ ಜಾಗಕ್ಕೆ ನೀರು ಬಂದು ಕೂರುತ್ತದೆ.
ನೋಂಬಿನ ಶರಬತ್ತಿನಲ್ಲಿ ಕಾಮಕಸ್ತೂರಿ ಬೀಜ
ನೆನೆಯುವುದನ್ನು ನೀನೇ ಕಂಡವಳಲ್ಲವೇ?
ಹಾಗೆ, ಪಕ್ಕದ ಕಣಕ್ಕೆ ಭುಜ ತಾಗುವ ತನಕ.
ಕರಗಿ ಹೋಗುವುದಿಲ್ಲ, ಒಳಗೆ ಅಡ್ಡ ಕಟ್ಟುಗಳಿವೆ.

ನಾನೂ ತಂಗಿಯೂ ಮಾದಾಪಟ್ಟಣದಲ್ಲಿ
ಒಂದೇ ಕೋಣೆ ಹಿಡಿದಿದ್ದೆವು. ಇಬ್ಬರಿಗೂ ಅಪ್ಪನದೇ ನಾಲಿಗೆ.
ಅವಳು ಗುಡ್ಡೆಹೊಸೂರಿಗೆ ಹೋದ ಮೇಲೆ
ಭಾನುವಾರ ಭಾನುವಾರ ಫೋನು...
ಇರಲಿ, ಮೀಟರು ನೋಡು.

ಕಳೆದ ಏಪ್ರಿಲ್, ಹದಿನೇಳನೇ ಬ್ಯಾಚು ಉಬ್ಬಲೇ ಇಲ್ಲ.
ಎಷ್ಟು ಹನಿಸಿದರೂ ಅಷ್ಟೇ. ಪರೀಕ್ಷೆಯ ಹಲಗೆಯಿಂದ
ಬಣ್ಣ ನೀರುಮಜ್ಜಿಗೆಯ ಹಾಗೆ ಇಳಿಯಿತು.
ಡ್ರಮ್ಮು ಕೆಟ್ಟಿದೆ ಎಂದರು, ಮೀಟರು ಸುಳ್ಳು ಹೇಳುತ್ತಿದೆ ಎಂದರು,
ಎರಡನೇ ಪಾಳಿಯ ಹೆಂಗಸು ಅಳತೆ ತಪ್ಪಿದ್ದಾಳೆ
ಎಂಬಲ್ಲಿಗೆ ಎಲ್ಲರ ಮಾತು ಕೂಡಿತು.
ಆ ರಾತ್ರಿ ಚಹಾ ಮಾಡಲು ಹೋಗಿ ಕೆಟಲಿನ ತಳ ಕಂಡೆ:
ಬಿಳಿ ಹಕ್ಕಳೆ.
ಕಾವೇರಿ ತನ್ನ ಕಲ್ಲುಗಳನ್ನು ತೋರಿಸಿದ ತಿಂಗಳು ಅದು;
ಗೇಟಿನ ಪಕ್ಕ ಹೊಸ ಬೋರು ಶುರುವಾಗಿತ್ತು,
ಲ್ಯಾಬಿಗೆ ಯಾರೂ ಹೇಳಿರಲಿಲ್ಲ.
ಗಡಸು ನೀರಿನ ಸುಣ್ಣ ಎರಡೆರಡು ಕೈಯಲ್ಲಿ ಹಿಡಿದು
ಸರಿಯಬೇಕಾದವನ್ನು ಸರಿಯಗೊಡದೆ ಕಟ್ಟಿಹಾಕಿತ್ತು.
ಕೆಟಲನ್ನೇ ಒಯ್ದು ಉತ್ತಯ್ಯ ಸಾರ್ ಮೇಜಿನ ಮೇಲಿಟ್ಟೆ.
ನಾನೂ ಏನೂ ಹೇಳಲಿಲ್ಲ.

ಎಂಟೂವರೆ. ಸಾಕು, ಮುಚ್ಚಳ ಹಾಕು.
ಕಡ್ಡಿ ಎತ್ತಿ ಹಿಡಿ. ಬೀಳಲೋ ಬೇಡವೋ
ಎಂದು ತೂಗುತ್ತಿದೆ ಹನಿ,
ಅದರೊಳಗಿಂದ ಟ್ಯೂಬ್‌ಲೈಟು ಕಾಣುತ್ತದೆ, ನಿನ್ನ ಬೆರಳೂ.

ರಿಜಿಸ್ಟರಿನಲ್ಲಿ ಬರೆದಿಡು: ಹನಿಗಳೆಷ್ಟು, ಹೊತ್ತೆಷ್ಟು.
ಕೊನೆಯ ಕಾಲಂ ಅಚ್ಚಿನಲ್ಲಿ ಇರಲಿಲ್ಲ,
ಸ್ಕೇಲಿಟ್ಟು ಗೆರೆ ಎಳೆದವಳು ನಾನು.
ಅಲ್ಲಿ ಬರೆ,
ನೀರು ಎಲ್ಲಿಯದು.